ಹುಟ್ಟುಹಬ್ಬದ ಬಾಗಿಲಲ್ಲಿ ಕಡೆಗಾಲದ ಲೆಕ್ಕ

ಡಿಸೆಂಬರ್ ತಿಂಗಳ ಕ್ರೈಸ್ತ ಪ್ರಸಂಗಗಳಲ್ಲಿ ಎರಡು ಮಾತು ಒಂದರ ಬೆನ್ನಿಗೆ ಒಂದು ಬರುತ್ತವೆ. ಕರ್ತನು ಹುಟ್ಟಿದನು ಎಂಬುದು ಒಂದು, ವರ್ಷ ಎಷ್ಟು ಬೇಗ ಸರಿದುಹೋಯಿತು ಎಂಬುದು ಇನ್ನೊಂದು. ಮೊದಲನೆಯದು ಹಬ್ಬದ್ದು, ಎರಡನೆಯದು ಗೋಡೆಯ ಕ್ಯಾಲೆಂಡರಿನದು, ಹಬ್ಬ ವರ್ಷದ ಕೊನೆಯ ವಾರದಲ್ಲಿ ಬೀಳುವುದರಿಂದ ಎರಡೂ ಕೂಡಿಕೊಂಡಿವೆ ಅಷ್ಟೇ ಎಂದು ಕೇಳುವವರು ತಮ್ಮಷ್ಟಕ್ಕೆ ವಿಂಗಡಿಸಿಕೊಳ್ಳುತ್ತಾರೆ. ಚರಿತ್ರೆ ಹೇಳುವುದು ಬೇರೆ. ಇಂಗ್ಲೆಂಡಿನಲ್ಲಿ 1751ರ ತನಕ ಕಾನೂನಿನ ಲೆಕ್ಕದ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಮಧ್ಯಯುಗದ ಯುರೋಪಿನ ಕೆಲವು ನಾಡುಗಳಿಗೆ ಕ್ರಿಸ್‌ಮಸ್ ದಿನವೇ ವರ್ಷದ ಮೊದಲ ದಿನ. ಹೀಗೆ ವರ್ಷದ ತುದಿ ಊರಿಗೊಂದು ಕಡೆ ಇದ್ದ ಕಾಲದಲ್ಲೂ ಕ್ರಿಸ್‌ಮಸ್ಸಿನ ಮುಂಚಿನ ವಾರಗಳ ಪ್ರಸಂಗ ಕಾಲ ತೀರಿಬರುವ ವಿಷಯವನ್ನೇ ಎತ್ತುತ್ತಿತ್ತು. ಕಾಲದ ಚಿಂತೆ ಕ್ರಿಸ್‌ಮಸ್ಸಿಗೆ ಹೊರಗಿನಿಂದ ಬಂದು ಅಂಟಿಕೊಂಡದ್ದಲ್ಲ. ಹಬ್ಬದ ಸಿದ್ಧತೆಯ ಅಡಿಪಾಯದಲ್ಲೇ ಅದು ಇತ್ತು.

ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಸಭೆಗಳು ಆಗಮನ ಕಾಲ ಎನ್ನುತ್ತವೆ. ಈಗ ಅದು ನಕ್ಷತ್ರ ದೀಪ, ಗೋದಲಿ, ಕ್ಯಾರಲ್‌ಗಳ ಕಾಲ. ಮೊದಲು ಅದು ಉಪವಾಸದ ಕಾಲವಾಗಿತ್ತು. ಫ್ರಾನ್ಸಿನ ತೂರ್ ಪಟ್ಟಣದ ಬಿಷಪ್ ಪೆರ್ಪೆತುಸ್ 5ನೇ ಶತಮಾನದಲ್ಲಿ ಸಂತ ಮಾರ್ಟಿನನ ಹಬ್ಬವಾದ ನವೆಂಬರ್ 11ರಿಂದ ಕ್ರಿಸ್‌ಮಸ್ ತನಕ ವಾರಕ್ಕೆ ಮೂರು ದಿನ ಉಪವಾಸ ಗೊತ್ತುಮಾಡಿದ. ಮುಂದಿನ ಶತಮಾನದ ಕೊನೆಯಲ್ಲಿ ಮಾಕೋನ್ ಧರ್ಮಸಭೆ ಆ ಪದ್ಧತಿಯನ್ನು ಇನ್ನಷ್ಟು ವಿಸ್ತರಿಸಿತು. ಅದೇ ಹೊತ್ತಿಗೆ ರೋಮಿನಲ್ಲಿ ಪೋಪ್ ಆಗಿದ್ದ ಮಹಾ ಗ್ರೆಗರಿ (590–604) ಲೂಕನ ಸುವಾರ್ತೆಯ 21ನೇ ಅಧ್ಯಾಯವನ್ನು ತೆಗೆದುಕೊಂಡು ಪ್ರಸಂಗ ಮಾಡಿದ. ಸೂರ್ಯ ಚಂದ್ರರಲ್ಲಿ ಕಾಣುವ ಸೂಚನೆಗಳು, ಅಲ್ಲೋಲಕಲ್ಲೋಲವಾಗುವ ಸಮುದ್ರ, ಚಿಗುರುವ ಅಂಜೂರದ ಮರ ಎಲ್ಲ ಬರುವ ಭಾಗ ಅದು. ಆ ಪ್ರಸಂಗ ಮುಂದೆ ಆಗಮನ ಕಾಲಕ್ಕೆ ಸೇರಿಹೋಯಿತು. ಇಂದಿಗೂ ಕಥೋಲಿಕ ಸಭೆಯಲ್ಲಿ ಆಗಮನ ಕಾಲದ ಮೊದಲ ಭಾನುವಾರ ಓದುವುದು ಕೊಟ್ಟಿಗೆಯ ಕಥೆಯನ್ನಲ್ಲ, ಎಚ್ಚರವಾಗಿರಿ ಎಂಬ ಕಡೆಗಾಲದ ಬೋಧನೆಯನ್ನು. ಮರಣ, ತೀರ್ಪು, ಸ್ವರ್ಗ, ನರಕ ಎಂಬ ನಾಲ್ಕು ವಿಷಯಗಳನ್ನು ನಾಲ್ಕು ಭಾನುವಾರಗಳಿಗೆ ಹಂಚಿ ಬೋಧಿಸುವ ರೂಢಿಯೂ ಬಹುಕಾಲ ನಡೆಯಿತು. ಹುಟ್ಟುಹಬ್ಬದ ಬಾಗಿಲಲ್ಲಿ ಸಾವನ್ನು ತಂದು ನಿಲ್ಲಿಸುವುದು ಇಂದಿನವರಿಗೆ ಅಪಶಕುನದಂತೆ ಕಾಣಬಹುದು. ಅದರ ತರ್ಕ ಮಾತ್ರ ಗಟ್ಟಿಯಾದದ್ದು: ಒಮ್ಮೆ ಬಂದವನು ಮತ್ತೆ ಬರುತ್ತಾನೆ, ಎರಡು ಬರವಿನ ನಡುವೆ ಉಳಿದಿರುವ ಕಾಲ ಚಿಕ್ಕದು, ಮೊದಲ ಮಾತು ನಡೆದಿದೆ ಎಂಬುದಕ್ಕೆ ಕ್ರಿಸ್‌ಮಸ್ಸೇ ಸಾಕ್ಷಿ.

ಚಿಕ್ಕದು ಎಂದರೆ ಎಷ್ಟು ಎಂದು ಕೇಳುವವರು ಎಲ್ಲ ಕಾಲದಲ್ಲೂ ಇದ್ದರು. ಆ ಪ್ರಶ್ನೆಗೆ ತಾರೀಖು ಸಮೇತ ಉತ್ತರ ಕೊಟ್ಟವರಲ್ಲಿ ಎಲ್ಲರಿಗಿಂತ ಪಂಡಿತ ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752). ಅವನು ಹುಚ್ಚು ಭವಿಷ್ಯಗಾರನಲ್ಲ. 1734ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯ ಪಾಠಾಂತರಗಳನ್ನು ಪರಿಶೀಲಿಸಿ ಪ್ರಕಟಿಸಿದ, ಇಂದಿನ ಪಠ್ಯಶಾಸ್ತ್ರಜ್ಞರೂ ನೆನೆಯುವ ವಿದ್ವಾಂಸ. ಅದೇ ಶಿಸ್ತಿನಿಂದ ಪ್ರಕಟನೆ ಗ್ರಂಥದ ಅಂಕಿಗಳನ್ನು ಗುಣಿಸಿ ಭಾಗಿಸಿ, ಸಾವಿರ ವರ್ಷದ ಆಳ್ವಿಕೆ ಶುರುವಾಗುವುದು 1836ರಲ್ಲಿ ಎಂದು ನಿರ್ಣಯಿಸಿದ. ಆ ವರ್ಷ ವಿಶೇಷವೇನೂ ಘಟಿಸದಿದ್ದರೆ ತನ್ನ ಲೆಕ್ಕದಲ್ಲಿ ದೊಡ್ಡ ತಪ್ಪಿದೆ ಎಂದು ತಿಳಿಯಬೇಕು ಎಂದೂ ಅವನೇ ಬರೆದಿಟ್ಟ. ಲೆಕ್ಕ ತಪ್ಪಿದರೆ ದೇವರ ಮೇಲೆ ಹಾಕದೆ ತನ್ನ ಮೇಲೆ ಹಾಕಿಕೊಂಡ ಈ ಪ್ರಾಮಾಣಿಕತೆ ಅಂಥವರಲ್ಲಿ ಅಪರೂಪ. ಅವನ ಪ್ರಭಾವದಲ್ಲಿ ಬೆಳೆದ ಭಕ್ತ ಕುಟುಂಬಗಳು 1816ರ ಬೇಸಿಗೆಯಿಲ್ಲದ ವರ್ಷವನ್ನೂ ಅದರ ಬೆನ್ನಿಗೆ ಬಂದ ಕ್ಷಾಮವನ್ನೂ ಕಡೆಗಾಲದ ಗುರುತೆಂದೇ ಓದಿದವು. ಹಲವರು ಮನೆಮಾರು ಮಾರಿ ರಷ್ಯಾದ ದಕ್ಷಿಣಕ್ಕೆ, ಕಾಕಸಸ್ಸಿಗೆ ಹೊರಟರು.

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿಗೆ ಹಣವನ್ನೂ ಹುಡುಗರನ್ನೂ ಧಾರಾಳವಾಗಿ ಕೊಟ್ಟದ್ದು ಇದೇ ವ್ಯುರ್ಟೆಂಬೆರ್ಗ್. ಭಾರತಕ್ಕೆ ಅದು ಕಳಿಸಿದ ಮೊದಲ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ವ್ಯುರ್ಟೆಂಬೆರ್ಗಿನವರೇ ಆದ ಹೆರ್ಮನ್ ಮೋಗ್ಲಿಂಗ್ ಮತ್ತು ಹೆರ್ಮನ್ ಗುಂಡರ್ಟ್ ಇಬ್ಬರೂ ಭಾರತಕ್ಕೆ ಬಂದದ್ದು 1836ರಲ್ಲಿ, ಬೆಂಗೆಲ್ ಗುರುತು ಹಾಕಿದ್ದ ಅದೇ ವರ್ಷ. ಇವರು ಆ ತಾರೀಖನ್ನು ನಂಬಿ ಹೊರಟವರೆಂದು ಹೇಳಿದರೆ ಅತಿಯಾದೀತು. ಗುಂಡರ್ಟ್ ವಿದ್ಯಾರ್ಥಿ ದಿನಗಳಲ್ಲಿ ಡೇವಿಡ್ ಸ್ಟ್ರೌಸ್‌ನಂಥ ವಿಚಾರವಾದಿಯ ಪಾಠ ಕೇಳಿದವನು. ಆದರೆ ಕಾಲ ಕಿರಿದು ಎಂಬ ಭಾವ ಅವರು ಹುಟ್ಟಿಬೆಳೆದ ಮನೆಗಳ ಗಾಳಿಯಲ್ಲೇ ಇತ್ತು. 1836 ಏನೂ ನಡೆಯದೆ ಕಳೆಯಿತು. ಆಮೇಲೆ ಈ ಜನ ಮಾಡಿದ ಕೆಲಸ ನೋಡಿ: 1843ರ ಜುಲೈಯಲ್ಲಿ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದ, ಮುಂದೆ ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದ. ಗುಂಡರ್ಟ್ ಮಲಯಾಳಂ ನಿಘಂಟಿಗೆ ಕೈಹಾಕಿದ. ಅದೇ ಮಿಷನ್ನಿನಿಂದ 1853ರಲ್ಲಿ ಬಂದ ಕಿಟೆಲ್ ತನ್ನ ಕನ್ನಡ ನಿಘಂಟನ್ನು ಮುಗಿಸಿದ್ದು 1894ರಲ್ಲಿ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಲೋಕ ಇಂದೋ ನಾಳೆಯೋ ಮುಗಿಯುತ್ತದೆ ಎನ್ನುವವನು ನಲವತ್ತು ವರ್ಷ ಹಿಡಿಯುವ ನಿಘಂಟಿಗೆ ಏಕೆ ಕೂರುತ್ತಾನೆ? ಕೂತನೆಂದರೆ ನಂಬಿಕೆ ಬರೀ ಬಾಯಿಮಾತು ಎಂದಾಗಲಿಲ್ಲವೇ? ನನ್ನ ಉತ್ತರ ಇಷ್ಟು: ಕಾಲ ಕಿರಿದು ಎಂಬುದನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕಬಹುದು. ಬೆಂಗೆಲ್ ತುದಿಯನ್ನು ಎಣಿಸಿದ. ಅದೇ ಶತಮಾನದಲ್ಲಿ ಸ್ಯಾಕ್ಸನಿಯ ಹೆರ್ನ್‌ಹೂಟ್ ಊರಿನ ಮೊರೇವಿಯನ್ ಸಭೆ ದಿನವನ್ನು ಎಣಿಸಿತು. 1728ರಲ್ಲಿ ಅವರ ಮುಖಂಡ ತ್ಸಿಂಟ್ಸೆನ್‌ಡೋರ್ಫ್ ದಿನಕ್ಕೊಂದು ವೇದವಾಕ್ಯವನ್ನು ಸಭೆಗೆ ಕೊಡಲಾರಂಭಿಸಿದ. 1731ಕ್ಕೆ ಅದು ಪುಸ್ತಕವಾಯಿತು, ಇಂದಿಗೂ ಪ್ರತಿವರ್ಷ ಹೊರಬರುತ್ತಿದೆ. ಅದೇ ಊರಿನವರು ವರ್ಷದ ಕೊನೆಯ ರಾತ್ರಿ ಎಚ್ಚರವಿದ್ದು ಪ್ರಾರ್ಥಿಸುವ ಪದ್ಧತಿಯನ್ನೂ ಶುರುಮಾಡಿದರು. ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ಅಂಥ ಜಾಗರಣೆಯನ್ನು 1740ರ ದಶಕದ ಮೊದಲಲ್ಲಿ ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್ ಗಣಿ ಕಾರ್ಮಿಕರಿಂದ ಎತ್ತಿಕೊಂಡು ತಿಂಗಳಿಗೊಮ್ಮೆ ನಡೆಸಿದ, ಜನ ಕತ್ತಲಲ್ಲಿ ಎಡವದೆ ಮನೆ ಸೇರಲೆಂದು ಹುಣ್ಣಿಮೆಯ ಹತ್ತಿರದ ರಾತ್ರಿಗಳನ್ನೇ ಆರಿಸಿಕೊಂಡ. ಕರ್ನಾಟಕದ ಪ್ರಾಟೆಸ್ಟೆಂಟ್ ದೇವಾಲಯಗಳಲ್ಲಿ ಡಿಸೆಂಬರ್ 31ರ ರಾತ್ರಿ ನಡೆಯುವ ಆರಾಧನೆ ಇದೇ ವಂಶದ್ದು. ತುದಿಯ ತಾರೀಖು ಹುಸಿಯಾದ ಮೇಲೂ ದಿನದ ಲೆಕ್ಕ ಉಳಿಯುತ್ತದೆ. ಇವತ್ತಿನ ಪಾಲಿನ ಕೆಲಸವನ್ನು ಇವತ್ತು ಮಾಡುವವನಿಗೆ ನಿಘಂಟು ನಲವತ್ತು ವರ್ಷದ ಯೋಜನೆಯಲ್ಲ, ಆ ದಿನಕ್ಕೆ ಒದಗಿದ ಕೆಲವು ಶಬ್ದಗಳು.

ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರಾದ ಪ್ಯೂರಿಟನ್ನರ ಉದಾಹರಣೆ ಇದಕ್ಕಿಂತ ತೊಡಕಿನದು. ಕಾಲದ ಅಲ್ಪತೆಯನ್ನು ಅವರಷ್ಟು ಮನಸ್ಸಿಗೆ ಹಚ್ಚಿಕೊಂಡವರು ಕಡಿಮೆ, ಆದರೂ ಕ್ರಿಸ್‌ಮಸ್ಸನ್ನು ಕಿತ್ತೆಸೆದವರು ಅವರೇ. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಹಬ್ಬವನ್ನು ರದ್ದುಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್ 1659ರಿಂದ 1681ರ ತನಕ ಅದನ್ನು ಆಚರಿಸಿದವರಿಗೆ ಐದು ಶಿಲಿಂಗ್ ದಂಡ ವಿಧಿಸಿತು. ಸ್ಕಾಟ್ಲೆಂಡಿನಲ್ಲಿ ಡಿಸೆಂಬರ್ 25 ಸಾರ್ವಜನಿಕ ರಜೆಯಾದದ್ದು 1958ರಲ್ಲಿ! ಹಾಗಾದರೆ ಕಾಲದ ಚಿಂತೆಗೂ ಕ್ರಿಸ್‌ಮಸ್ಸಿಗೂ ಬಿಡಿಸಲಾಗದ ನಂಟೇನೂ ಇಲ್ಲ ಎಂದು ಒಪ್ಪಲೇಬೇಕು. ಆದರೆ ಹಬ್ಬ ಬಿಟ್ಟ ಮಾತ್ರಕ್ಕೆ ಅವರು ಎಣಿಕೆ ಬಿಡಲಿಲ್ಲ. ಪ್ರತಿ ಭಾನುವಾರವನ್ನು ಬಿಗಿಯಾಗಿ ಹಿಡಿದು, ಆತ್ಮಪರೀಕ್ಷೆಯ ದಿನಚರಿ ಬರೆದು ಅದೇ ಲೆಕ್ಕವನ್ನು ವರ್ಷವಿಡೀ ಇಟ್ಟರು.

ಚಳಿಗಾಲದ ಮಾತನ್ನೂ ಎತ್ತಬಹುದು. ಡಿಸೆಂಬರಿನಲ್ಲಿ ಹಗಲು ಕುಗ್ಗುವ ನಾಡುಗಳಿಗಷ್ಟೇ ಈ ಭಾವ ಸಹಜ ಎನ್ನುವ ವಾದ ಅದು. ಹ್ಯಾಂಬರ್ಗಿನಲ್ಲಿ ಆಗ ಬೆಳಕು ಏಳೂವರೆ ಗಂಟೆ, ಮಂಗಳೂರಿನಲ್ಲಿ ಹನ್ನೊಂದು ಗಂಟೆಗೂ ಮಿಕ್ಕಿ. ಕತ್ತಲು ಬೆಳಕಿನ ರೂಪಕ ನಮ್ಮ ಕರಾವಳಿಗೆ ಅರ್ಧಂಬರ್ಧವಾಗಿಯೇ ಬಂದಿತು, ನಿಜ. ಆದರೆ ದಿನ ಎಣಿಸುವುದಕ್ಕೆ ಹಿಮ ಬೇಕಿಲ್ಲ. ಮಂಗಳೂರಿನ ಕಥೋಲಿಕರ ಮನೆಗಳಲ್ಲಿ ಕುಸ್ವಾರ್ ತಿಂಡಿಗಳ ತಯಾರಿ ಹಬ್ಬಕ್ಕೆ ಎಷ್ಟು ದಿನ ಉಳಿದಿದೆ ಎಂಬುದನ್ನು ನೋಡಿಕೊಂಡೇ ಸಾಗುತ್ತದೆ.

ಎಣಿಕೆಗೆ ಈಗಿನ ರೂಪ ಬಂದದ್ದು ಮಕ್ಕಳಿಗಾಗಿ. ಹ್ಯಾಂಬರ್ಗಿನ ಅನಾಥಾಲಯದಲ್ಲಿ ಯೋಹಾನ್ ಹಿನ್ರಿಶ್ ವಿಶೆರ್ನ್ 1839ರಲ್ಲಿ ಒಂದು ಚಕ್ರದ ಮೇಲೆ ವಾರದ ದಿನಗಳಿಗೆ ಸಣ್ಣ ಕೆಂಪು ಮೇಣದಬತ್ತಿ, ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ ನಿಲ್ಲಿಸಿದ. 20ನೇ ಶತಮಾನದ ಆರಂಭದಲ್ಲಿ ಗೆರ್ಹಾರ್ಟ್ ಲಾಂಗ್ ಎಂಬ ಮುದ್ರಕ ಮ್ಯೂನಿಕ್ಕಿನಲ್ಲಿ ಆಗಮನ ಕಾಲದ ಕ್ಯಾಲೆಂಡರ್ ಅಚ್ಚುಹಾಕಿಸಿದ. ಅವನ ಹುಟ್ಟೂರು ವ್ಯುರ್ಟೆಂಬೆರ್ಗಿನ ಮೌಲ್‌ಬ್ರಾನ್, ಗುಂಡರ್ಟ್ ಓದಿದ ಊರು. ಇಂದು ಅಂಗಡಿಗಳಲ್ಲಿ ಸಿಗುವ ಚಾಕೊಲೇಟಿನ ಕ್ಯಾಲೆಂಡರಿಗೆ ಇಪ್ಪತ್ನಾಲ್ಕು ಕಿಟಕಿ, ಶುರು ಯಾವಾಗಲೂ ಡಿಸೆಂಬರ್ 1ಕ್ಕೆ. ಸಭೆಯ ಲೆಕ್ಕದಲ್ಲಿ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಯಾವಾಗ ಬೇಕಾದರೂ ಬೀಳಬಹುದು. ಎರಡಕ್ಕೂ ಇರುವ ನಿಜವಾದ ಅಂತರ ಶುರುವಿನಲ್ಲಿಲ್ಲ, ತುದಿಯಲ್ಲಿದೆ. ಚಾಕೊಲೇಟಿನ ಡಬ್ಬಿ 24ಕ್ಕೆ ಖಾಲಿ. ಗ್ರೆಗರಿಯ ಪ್ರಸಂಗ ಕೇಳಿದವರ ಲೆಕ್ಕದಲ್ಲಿ ಡಿಸೆಂಬರ್ 25 ಕೊನೆಯ ದಿನವಾಗಿರಲಿಲ್ಲ, ಇನ್ನೂ ಬಾರದ ಒಂದು ದಿನಕ್ಕೆ ಸಿಕ್ಕ ಮುಂಗಡವಾಗಿತ್ತು.