ಸೋಂಕಿನ ವಾರ್ಡಿನ ಮುಚ್ಚಿದ ಬಾಗಿಲು

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಬ್ರಿಟನ್ನಿನ ಸ್ಥಳೀಯ ಆಡಳಿತಗಳು ನಡೆಸುತ್ತಿದ್ದ ಜ್ವರದಾಸ್ಪತ್ರೆಗಳಲ್ಲಿ, ಅಂದರೆ ಅಂಟುರೋಗದವರನ್ನು ಊರಿನಿಂದ ಬೇರ್ಪಡಿಸಿ ಇರಿಸುತ್ತಿದ್ದ ಆಸ್ಪತ್ರೆಗಳಲ್ಲಿ, ಬಹುಪಾಲು ಹಾಸಿಗೆಗಳು ಮಕ್ಕಳಿಂದಲೇ ತುಂಬಿರುತ್ತಿದ್ದವು. ಮೈಮೇಲೆ ಕೆಂಪು ದದ್ದು ಏಳಿಸುವ ಸ್ಕಾರ್ಲೆಟ್ ಜ್ವರ ಬಂದ ಮಗು ಆರು ವಾರಗಳವರೆಗೂ ಅಲ್ಲಿಯೇ ಇರಬೇಕಾಗುತ್ತಿತ್ತು. ಆ ಅವಧಿಯಲ್ಲಿ ತಂದೆತಾಯಿಗಳಿಗೆ ವಾರ್ಡಿನೊಳಗೆ ಪ್ರವೇಶವಿರಲಿಲ್ಲ, ಹೆಚ್ಚೆಂದರೆ ಹೊರಗೆ ನಿಂತು ಕಿಟಕಿಯ ಗಾಜಿನ ಮೂಲಕ ನೋಡಬಹುದಿತ್ತು. ಹಲವು ಊರುಗಳಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆ ಕೊಟ್ಟು, ಯಾವ ಸಂಖ್ಯೆಯವರ ಸ್ಥಿತಿ ಗಂಭೀರ, ಯಾರು ಚೇತರಿಸಿಕೊಳ್ಳುತ್ತಿದ್ದಾರೆ ಎಂಬುದನ್ನು ಸ್ಥಳೀಯ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದುದರಿಂದ, ಮಗುವಿನ ಯೋಗಕ್ಷೇಮವನ್ನು ತಾಯಿ ಸಂಜೆ ಪತ್ರಿಕೆಯಲ್ಲಿ ಹುಡುಕಬೇಕಾಗುತ್ತಿತ್ತು. ರೋಗಿಯ ಮಂಚದ ಪಕ್ಕದಲ್ಲಿ ಮನೆಯವರೊಬ್ಬರು ಇದ್ದೇ ಇರುವ ನಮ್ಮ ಆಸ್ಪತ್ರೆಗಳನ್ನು ಕಂಡವರಿಗೆ ಈ ಏರ್ಪಾಡು ವಿಚಿತ್ರವೆನಿಸಬಹುದು.

ಇದನ್ನು ಬರಿಯ ನಿರ್ದಯತೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಪೆನಿಸಿಲಿನ್ ಬಳಕೆಗೆ ಬರುವ ಮುನ್ನ ಸೋಂಕಿನ ಭಯ ನಿಜವಾದದ್ದೇ ಆಗಿತ್ತು. ಆದರೆ ಅಂಟುರೋಗವೇ ಇಲ್ಲದ ಸಾಮಾನ್ಯ ಮಕ್ಕಳ ವಾರ್ಡುಗಳಲ್ಲಿಯೂ ಇಂಥದೇ ನಿಯಮ ಬೇರೂರಿ, ಭೇಟಿಯನ್ನು ವಾರಕ್ಕೊಮ್ಮೆ ಅಥವಾ ಅದಕ್ಕಿಂತ ಕಡಿಮೆಗೆ ಮಿತಿಗೊಳಿಸಲಾಗಿತ್ತು. ತಾಯಿ ಬಂದು ಹೋದ ಮೇಲೆ ಮಗು ಅಳುತ್ತದೆ, ಬಾರದಿದ್ದರೆ ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ ಎಂಬುದು ಆಗ ಕೊಡುತ್ತಿದ್ದ ಸಮರ್ಥನೆ. ಸದ್ದಿಲ್ಲದ ವಾರ್ಡು ಒಳ್ಳೆಯ ವಾರ್ಡು ಎಂಬ ನಂಬಿಕೆಯೂ ಅದರ ಜೊತೆಗಿತ್ತು. 1920ರ ದಶಕದಲ್ಲಿಯೇ ನ್ಯೂಕ್ಯಾಸಲ್ಲಿನಲ್ಲಿ ವೈದ್ಯ ಜೇಮ್ಸ್ ಸ್ಪೆನ್ಸ್ ತಾಯಂದಿರನ್ನು ಆಸ್ಪತ್ರೆಯಲ್ಲಿಯೇ ಉಳಿಸಿಕೊಂಡು ಶಿಶುಗಳ ಆರೈಕೆಗೆ ತೊಡಗಿಸಿದ್ದರೂ ಆ ಮೇಲ್ಪಂಕ್ತಿಯನ್ನು ಅನುಸರಿಸಿದವರು ವಿರಳ.

ಆ ನಂಬಿಕೆಯನ್ನು ಬುಡದಲ್ಲಿಯೇ ಪ್ರಶ್ನಿಸಿದವರು ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿಯವರೊಡನೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್. 1948ರಿಂದ ವಾರ್ಡುಗಳಲ್ಲಿ ಕುಳಿತು ಪುಟ್ಟ ಮಕ್ಕಳನ್ನು ಗಮನಿಸಿದ ಅವರಿಗೆ, ಮೊದಲು ಪ್ರತಿಭಟನೆ, ಅಂದರೆ ಅತ್ತು ಕರೆದು ತಾಯಿಯನ್ನು ಹುಡುಕುವುದು, ಬಳಿಕ ಹತಾಶೆ, ಕೊನೆಗೆ ತಾಯಿಯ ಬಗೆಗೇ ಆಸಕ್ತಿ ಕಳೆದುಕೊಂಡಂತೆ ತೋರುವ ವಿಮುಖತೆ ಎಂಬ ಮೂರು ಹಂತಗಳು ಕಂಡವು. ದಾದಿಯರು ಹೊಂದಾಣಿಕೆ ಎಂದು ಬಗೆದಿದ್ದುದು ಈ ಮೂರನೆಯ ಹಂತವನ್ನೇ. ಮಾತಿನಲ್ಲಿ ಹೇಳಿದರೆ ಯಾರೂ ಒಪ್ಪದಿದ್ದಾಗ ಅವರು ಕ್ಯಾಮೆರಾ ಹಿಡಿದು, ಹೊಕ್ಕುಳಿನ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಎಂಟು ದಿನ ಸೇರಿದ್ದ ಲಾರಾ ಎಂಬ ಎರಡೂವರೆ ವರ್ಷದೊಳಗಿನ ಬಾಲಕಿಯನ್ನು ಚಿತ್ರೀಕರಿಸಿದರು. ಲಾರಾ ರಚ್ಚೆ ಹಿಡಿಯುವ ಮಗುವಲ್ಲ. ಅಳು ಒತ್ತರಿಸಿ ಬಂದರೂ ಮುಖ ಬಿಗಿಹಿಡಿದು ತಡೆದುಕೊಳ್ಳುವ ಮಗು, ಮತ್ತು ಚಿತ್ರದ ಬಲವಿರುವುದೇ ಅಲ್ಲಿ. ಬಿಡುಗಡೆಯ ದಿನ ತನ್ನ ಸಾಮಾನುಗಳನ್ನು ಬಿಡದೆ ಹೊತ್ತುಕೊಂಡು ಹೊರಡುವ ಅವಳು ತಾಯಿಯ ಕೈ ಹಿಡಿಯಲು ಒಪ್ಪುವುದಿಲ್ಲ. 1952ರಲ್ಲಿ ಈ ಚಿತ್ರವನ್ನು ವೈದ್ಯರ ಸಭೆಯಲ್ಲಿ ತೋರಿಸಿದಾಗ ಹಲವರು ಸಿಟ್ಟಿಗೆದ್ದರು.

ಆಸ್ಪತ್ರೆ ಸೇರಿದ ಮಕ್ಕಳ ಯೋಗಕ್ಷೇಮವನ್ನು ಪರಿಶೀಲಿಸಲು ನೇಮಕವಾಗಿದ್ದ, ಸರ್ ಹ್ಯಾರಿ ಪ್ಲಾಟ್ ಅಧ್ಯಕ್ಷತೆಯ ಸಮಿತಿಯು 1959ರ ವರದಿಯಲ್ಲಿ ಹೊತ್ತಿನ ಕಟ್ಟುಪಾಡಿಲ್ಲದ ಭೇಟಿಗೆ ಶಿಫಾರಸು ಮಾಡಿತಾದರೂ ಆಸ್ಪತ್ರೆಗಳು ಕೂಡಲೇ ಬದಲಾಗಲಿಲ್ಲ. 1961ರಲ್ಲಿ ಲಂಡನ್ನಿನ ಬ್ಯಾಟರ್ಸಿಯ ತಾಯಂದಿರು ಸಂಘ ಕಟ್ಟಿಕೊಂಡು, ಒಪ್ಪಿತವಾದ ಶಿಫಾರಸನ್ನು ಜಾರಿಗೊಳಿಸಿರೆಂದು ಬೆನ್ನುಹತ್ತಬೇಕಾಯಿತು.

2020ರಲ್ಲಿ ಕೋವಿಡ್ ಹರಡಿದಾಗ ಬ್ರಿಟನ್ನಿನ ಆಸ್ಪತ್ರೆಗಳು ಭೇಟಿಯನ್ನು ಮತ್ತೆ ನಿಲ್ಲಿಸಿದವು. ಆದರೆ ಈ ಸಲ ಹೊರಡಿಸಿದ ಸೂಚನೆಯ ವಿನಾಯಿತಿಗಳಲ್ಲಿ, ಹೆರಿಗೆಯ ಸಂಗಾತಿ ಮತ್ತು ಸಾವಿನಂಚಿನ ರೋಗಿಯ ಬಂಧುವಿನ ಜೊತೆಗೆ, ಮಗುವಿನ ಬಳಿಗೆ ಬರುವ ತಂದೆ ಅಥವಾ ತಾಯಿಗೂ ಜಾಗವಿತ್ತು; ಅನೇಕ ಕಡೆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಅವಕಾಶ ದೊರೆತು, ಇನ್ನೊಬ್ಬರು ಮನೆಯಲ್ಲಿಯೇ ಉಳಿಯಬೇಕಾಯಿತು.