ಮಂದೆ, ಮೇವು, ಬೆಂಕಿ: ಕೋಟುಮಚಗಿಯ ಎರಿ ಬಯಲು ಮತ್ತು ಕಪ್ಪತಗುಡ್ಡದಲ್ಲಿ ನಿಯಂತ್ರಿತ ಮೇಯಿಸುವಿಕೆಯ ಸಾಧ್ಯತೆ, ಮಿತಿ

ಪೀಠಿಕೆ

ಕಪ್ಪತಗುಡ್ಡದ ರಕ್ಷಣೆಯ ಚರ್ಚೆ ಹೆಚ್ಚಾಗಿ ಗಣಿಗಾರಿಕೆಯ ಸುತ್ತಲೇ ನಡೆದಿದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹರಡಿರುವ ಈ ಗುಡ್ಡಸಾಲಿನ 244.15 ಚದರ ಕಿ.ಮೀ. ಪ್ರದೇಶ 2019ರಲ್ಲಿ ವನ್ಯಜೀವಿಧಾಮವಾಯಿತು. ಆದರೆ ಬೇಸಿಗೆಯಲ್ಲಿ ಬೀಳುವ ಬೆಂಕಿಗೆ ಘೋಷಣೆಯ ಗಡಿ ತಿಳಿಯದು. ಇದೇ ಜಿಲ್ಲೆಯ ಕೋಟುಮಚಗಿ ಸುತ್ತಿನ ಎರಿ ಬಯಲಿನ ಚಿಂತೆ ಬೇರೆ: ಉಳ್ಳಾಗಡ್ಡಿ, ಮೆಣಸಿನಕಾಯಿ, ಕಡಲೆ ಹೊಲಗಳ ಕಳೆ. ಆಡು–ಕುರಿ ಮಂದೆಯನ್ನು ಬಳಸಿ ಕಳೆಯನ್ನೂ ಕಾಳ್ಗಿಚ್ಚನ್ನೂ ಹತೋಟಿಗೆ ತರಬಹುದೆಂಬ ವಿಚಾರ ಇಂದು ಹಲವು ದೇಶಗಳಲ್ಲಿ ಪ್ರಯೋಗಕ್ಕೆ ಬಂದಿದೆ. ಗದಗ ಸೀಮೆಯ ನೆಲ, ಹುಲ್ಲು ಮತ್ತು ಋತುಮಾನಕ್ಕೆ ಅದು ಎಷ್ಟರಮಟ್ಟಿಗೆ ಒಗ್ಗೀತು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಅತಿಮೇಯಿಸುವಿಕೆ ಗುಡ್ಡಕ್ಕೆ ದೋಷವೇ ಸರಿ. ಬೆಂಕಿ ಹಬ್ಬದಂತೆ ತೆರವಾಗಿಡುವ ಬೆಂಕಿ ರೇಖೆಯ ಪಟ್ಟಿಯಲ್ಲಿ ಮಾತ್ರ ಅದೇ ದೋಷ ಗುಣವಾಗಬಲ್ಲದು ಎಂಬುದು ಇಲ್ಲಿಯ ವಾದ.

ಎರಿ ಬಯಲಿನ ಕಳೆ

ಹಿಂಗಾರಿ ಪೀಕು ಕೈಗೆ ಬಂದ ಮೇಲೆ ಹೊಲದಲ್ಲಿ ಕುರಿ ತರುಬಿಸುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಮಂದೆ ರಾತ್ರಿ ತಂಗಿದ ಹೊಲಕ್ಕೆ ಹಿಕ್ಕಿ ಮತ್ತು ಗಂಜಲ ನೇರವಾಗಿ ಸೇರುತ್ತವೆ. ರೈತ ಕುರಿಗಾರನಿಗೆ ಹಣವನ್ನೋ ಕಾಳನ್ನೋ ಕೊಡುತ್ತಾನೆ. ಹಗಲಿನಲ್ಲಿ ಮಂದೆ ಕೂಳೆಯನ್ನೂ ಒಡ್ಡಿನ ಹಸಿರನ್ನೂ ಮೇಯುತ್ತದೆ. ಇದು ಗೊಬ್ಬರದ ವ್ಯವಸ್ಥೆಯಾಗಿ ಯಶಸ್ವಿ. ಕಳೆಯ ವಿಷಯದಲ್ಲಿ ಹಾಗೆ ಹೇಳಲಾಗದು.

ಎರಿ ಹೊಲವನ್ನು ಹೆಚ್ಚು ಕಾಡುವ ಕರಕಿ ಮತ್ತು ಜೇಕು ನೆಲದೊಳಗಿನಿಂದಲೇ ಮರುಹುಟ್ಟು ಪಡೆಯುತ್ತವೆ. ಕರಕಿಯ ಬಲ ಅದರ ಬೇರುಕಾಂಡದಲ್ಲಿದೆ, ಜೇಕಿನದು ಗಡ್ಡೆಯಲ್ಲಿ. ಮೇಲಿನ ಎಲೆಯನ್ನು ಮೇಯ್ದರೆ ಅವು ಕುಗ್ಗುತ್ತವೆಯೇ ಹೊರತು ಸಾಯುವುದಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯೂ ಇಲ್ಲಿ ಪೂರ್ತಿ ನಿಲ್ಲದು. ಪಾರ್ಥೇನಿಯಂ ವಿಷಕಾರಿ, ಜಾನುವಾರು ಸಾಮಾನ್ಯವಾಗಿ ಅದನ್ನು ಬಿಟ್ಟು ಸುತ್ತಲಿನ ಒಳ್ಳೆಯ ಹುಲ್ಲನ್ನೇ ತಿನ್ನುವುದರಿಂದ ಅದಕ್ಕೆ ಪೈಪೋಟಿ ತಪ್ಪಿ ಇನ್ನಷ್ಟು ಹಬ್ಬುತ್ತದೆ. ಲಂಟಾನದ ಎಲೆ ಯಕೃತ್ತಿಗೆ ಹಾನಿ ಮಾಡುತ್ತದೆ.

ಬಳ್ಳಾರಿ ಜಾಲಿಯದು ಇನ್ನೊಂದು ತೊಡಕು. 1877ರಲ್ಲಿ ಕಡಪಾ ಭಾಗಕ್ಕೆ ತಂದ ಈ ಮರದ ಸಿಹಿ ಕಾಯಿ ಆಡುಗಳಿಗೆ ಬಲು ಇಷ್ಟ. ಬೀಜದ ಒಂದು ಪಾಲು ಮಾತ್ರ ಜೀರ್ಣವಾಗದೆ ಹಿಕ್ಕಿಯೊಂದಿಗೆ ಹೊರಬಿದ್ದು ಸುಲಭವಾಗಿ ಮೊಳೆಯುತ್ತದೆ. ಕಾಯಿಯನ್ನು ಬೀಸಿ ಹಿಟ್ಟು ಮಾಡಿ ತಿನ್ನಿಸಿದರೆ ಬೀಜ ಸಾಯುತ್ತದೆ, ಮೇವೂ ಸಿಗುತ್ತದೆ. ಹಾಗಾಗಿ ಹೊಲದ ಕಳೆಗೆ ಎಡೆಕುಂಟೆ, ಕೈಗಳೆ ಮತ್ತು ಆಳದ ಉಳುಮೆಗೆ ಮಂದೆ ಪರ್ಯಾಯವಲ್ಲ. ಕೊಯ್ಲಿನ ನಂತರದ ಪೂರಕ.

ಗುಡ್ಡದ ಉರುವಲು

ಬೆಂಕಿಯ ತೀವ್ರತೆ ಮುಖ್ಯವಾಗಿ ಎರಡನ್ನು ಅವಲಂಬಿಸಿದೆ: ನೆಲದ ಮೇಲಿರುವ ಒಣ ಉರುವಲಿನ ತೂಕ ಮತ್ತು ಬೆಂಕಿ ಹಬ್ಬುವ ವೇಗ. ಕಾಳ್ಗಿಚ್ಚಿನ ಸಂಶೋಧಕ ಬೈರಾಮ್ 1959ರಲ್ಲಿ ರೂಪಿಸಿದ ಸೂತ್ರದ ತಿರುಳು ಇದೇ. ಗಾಳಿ ಮತ್ತು ಇಳಿಜಾರು ನಮ್ಮ ಕೈಯಲ್ಲಿಲ್ಲ, ಉರುವಲು ಕೈಯಲ್ಲಿದೆ. ಕಪ್ಪತಗುಡ್ಡದಲ್ಲಿ ಆ ಉರುವಲು ಬಹುಪಾಲು ಒಣಹುಲ್ಲು, ಅದರಲ್ಲೂ ಎತ್ತರವಾಗಿ ಬೆಳೆಯುವ ಬಾದೆ ಹುಲ್ಲು.

ಆದ್ದರಿಂದ ಯಾವ ಪ್ರಾಣಿ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಆಡು ಸ್ವಭಾವತಃ ಚಿಗುರು, ಸೊಪ್ಪು, ಕುರುಚಲಿನ ಪ್ರಾಣಿ. ಹಿಂಗಾಲ ಮೇಲೆ ನಿಂತು ಟೊಂಗೆಗೂ ಬಾಯಿ ಹಾಕುತ್ತದೆ. ಕುರಿ ಹುಲ್ಲಿನ ಪ್ರಾಣಿ. ಕ್ಯಾಲಿಫೋರ್ನಿಯಾದ ಪೊದೆಗಾಡಿನಲ್ಲಿ ಆಡು ಹೊಂದುವಂತೆ ಇಲ್ಲಿ ಹೊಂದದು. ಹುಲ್ಲಿನ ಪಟ್ಟಿಗೆ ಕುರಿಯೇ ಪ್ರಧಾನ. ಪೊದೆ ಬೆಳೆದ ಅಂಚಿಗೆ ಆಡು. ನಮ್ಮ ಕುರಿಗಾರರು ಮಂದೆಯಲ್ಲಿ ಕೆಲವು ಆಡುಗಳನ್ನು ಬೆರೆಸಿಯೇ ಸಾಕುವುದರಿಂದ ಈ ಜೋಡಿಯನ್ನು ಹೊಸದಾಗಿ ಕಟ್ಟಬೇಕಿಲ್ಲ.

ಎರಡನೆಯದು ಕಾಲ. ಬಲಿತ ಹುಲ್ಲು ಗಡುಸು, ಅದರಲ್ಲಿ ಸಾರವೂ ಕಡಿಮೆ. ಮಂದೆ ಅದನ್ನು ಬಿಟ್ಟು ನಡೆಯುತ್ತದೆ. ಹೊಸ ಚಿಗುರಿಗಾಗಿ ಒಣಹುಲ್ಲಿಗೆ ಬೆಂಕಿ ಇಡುವ ರೂಢಿ ಹುಟ್ಟುವುದೂ ಇಲ್ಲಿಂದಲೇ. ಹಾಗಾಗಿ ಪಟ್ಟಿಯನ್ನು ಎರಡು ಬಾರಿ ಮೇಯಿಸಬೇಕು: ಆಗಸ್ಟ್–ಸೆಪ್ಟೆಂಬರಿನಲ್ಲಿ ಎಳೆಹುಲ್ಲು ಇರುವಾಗ ಒಮ್ಮೆ, ನವೆಂಬರ್–ಡಿಸೆಂಬರಿನಲ್ಲಿ ಮರುಚಿಗುರು ಒಣಗುವ ಮುನ್ನ ಮತ್ತೊಮ್ಮೆ. ನವೆಂಬರಿನಲ್ಲಿ ಎರಿ ಬಯಲೆಲ್ಲ ಹಿಂಗಾರಿ ಪೀಕಿನಿಂದ ತುಂಬಿರುವುದರಿಂದ ಮಂದೆಗೆ ಅಲ್ಲಿ ಜಾಗವಿಲ್ಲ. ಗುಡ್ಡದ ಅಂಚಿಗೆ ಮಂದೆ ಬೇಕಾದ ಹೊತ್ತೂ ಮಂದೆಗೆ ಮೇವು ಬೇಕಾದ ಹೊತ್ತೂ ಒಂದೇ. ಕಡಲೆ, ಜೋಳದ ಕೊಯ್ಲಾದ ಮೇಲೆ ಅದೇ ಮಂದೆ ಕೋಟುಮಚಗಿಯಂಥ ಊರುಗಳ ಹೊಲಗಳಿಗೆ ಇಳಿಯಬಹುದು.

ಗುಡ್ಡದ ಒಳಭಾಗದಲ್ಲಿ ಹೀಗೆ ಪದೇ ಪದೇ ಮೇಯಿಸಿದರೆ ಹುಲ್ಲು ಬೀಜಕಟ್ಟದೆ ಸೊರಗುತ್ತದೆ, ಔಷಧಿ ಸಸ್ಯಗಳ ಸಸಿಗಳು ನಾಶವಾಗುತ್ತವೆ. ಬೆಂಕಿ ರೇಖೆಯ ಪಟ್ಟಿಯಾದರೋ ಬೋಳಾಗಿಯೇ ಇರಬೇಕಾದ ಜಾಗ. ಹುಲ್ಲು ಸವರಿ, ಸುಟ್ಟು ಅದನ್ನು ತೆರವು ಮಾಡುವುದು ಅರಣ್ಯ ಇಲಾಖೆಯ ವಾರ್ಷಿಕ ಕೆಲಸ. ಮಂದೆ ಆ ಕೆಲಸದ ಭಾರವನ್ನು ಇಳಿಸಬಲ್ಲದು.

ಚರ್ಚೆ

1952ರ ರಾಷ್ಟ್ರೀಯ ಅರಣ್ಯ ನೀತಿ ಕಾಡಿನಲ್ಲಿ ಅನಿಯಂತ್ರಿತ ಮೇಯಿಸುವಿಕೆಯನ್ನು ಒಪ್ಪಲಿಲ್ಲ. ಸಂಪೂರ್ಣ ನಿಷೇಧದ ಫಲವನ್ನು ಭರತಪುರದಲ್ಲಿ ನೋಡಬಹುದು. ಅಲ್ಲಿಯ ಕೇವಲಾದೇವ್ ಉದ್ಯಾನದಲ್ಲಿ 1982ರಲ್ಲಿ ಮೇವು ನಿಷೇಧವಾಗಿ ಗೋಲಿಬಾರಿನಲ್ಲಿ ಜನ ಸತ್ತರು. ಎಮ್ಮೆಗಳು ಹೊರಬಿದ್ದ ಮೇಲೆ ಹುಲ್ಲು ಜೌಗನ್ನು ಮುಚ್ಚಿ ಹಕ್ಕಿಗಳಿಗೇ ತೊಂದರೆಯಾಯಿತೆಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ತೋರಿಸಿತು. ಜೌಗಿನ ಪಾಠ ಗುಡ್ಡಕ್ಕೆ ಯಥಾವತ್ತಾಗಿ ಅನ್ವಯಿಸದು; ಆದರೆ ಮೇಯುವ ಬಾಯಿ ಇಲ್ಲದಾದಾಗ ಹುಲ್ಲಿನ ಲೆಕ್ಕ ಬದಲಾಗುವುದು ಎರಡೂ ಕಡೆ ನಿಜ. ಸ್ಪೇನಿನ ಆಂಡಲೂಸಿಯಾ ಇನ್ನೊಂದು ದಾರಿ ಹಿಡಿಯಿತು: ಬೆಂಕಿ ಪಟ್ಟಿಗಳನ್ನು ಮೇಯಿಸುವ ಕುರಿಗಾರರಿಗೆ ಸರ್ಕಾರವೇ ಹಣ ಕೊಡುತ್ತದೆ, ಕೆಲಸ ಎಷ್ಟಾಯಿತೆಂದು ಅಳೆದು ನೋಡುತ್ತದೆ.

ನಮ್ಮ ಕಾನೂನಿನಲ್ಲೂ ಇದಕ್ಕೆ ಎಡೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 33ನೆಯ ಕಲಮು ಧಾಮದೊಳಗಿನ ಮೇವನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕೊಟ್ಟಿದೆ. ಧಾಮದಲ್ಲಿ ಬೆಂಕಿ ಹಚ್ಚುವುದು 30ನೆಯ ಕಲಮಿನಂತೆ ಅಪರಾಧ. 33ಎ ಕಲಮು ಧಾಮದ 5 ಕಿ.ಮೀ. ವ್ಯಾಪ್ತಿಯ ಜಾನುವಾರುಗಳಿಗೆ ಲಸಿಕೆಯ ಏರ್ಪಾಡನ್ನು ಕೇಳುತ್ತದೆ. ಗುಡ್ಡದಲ್ಲಿ ತೋಳ, ಚಿರತೆ, ಕತ್ತೆಕಿರುಬಗಳಿರುವುದರಿಂದ ರಾತ್ರಿ ಹಟ್ಟಿ ಧಾಮದ ಹೊರಗಿರಬೇಕು. ಡೋಣಿ, ಡಂಬಳ, ಕಡಕೋಳದಂಥ ಅಂಚಿನ ಊರುಗಳ ಹೊಲಗಳಲ್ಲಿ ಮಂದೆ ತರುಬಿಸಿದರೆ ಹಿಕ್ಕಿಯೂ ರೈತನ ಪಾಲಿಗೆ ಸೇರುತ್ತದೆ. ಜಾಲಿಕಾಯಿ ತಿಂದ ಮಂದೆಯನ್ನು ಕೆಲವು ದಿನ ಹೊರಗೇ ನಿಲ್ಲಿಸಿ ಬಳಿಕ ಒಳಬಿಡಬೇಕು.

ನಿರ್ಣಯ

ಮಂದೆಯಿಂದ ಎರಿ ಹೊಲದ ಕಳೆ ನಿರ್ಮೂಲವಾಗದು. ಗುಡ್ಡವನ್ನು ಮುಕ್ತವಾಗಿ ಮೇವಿಗೆ ತೆರೆದರೆ ಬೆಂಕಿಗಿಂತ ಹೆಚ್ಚಿನ ಹಾನಿಯಾದೀತು. ಬೆಂಕಿ ರೇಖೆಯ ಪಟ್ಟಿಯಲ್ಲಿ, ಗೊತ್ತಾದ ತಿಂಗಳಲ್ಲಿ, ಗೊತ್ತಾದ ಸಂಖ್ಯೆಯ ಕುರಿಗಳನ್ನು ಕೂಲಿ ಕೊಟ್ಟು ಮೇಯಿಸುವ ಪ್ರಯೋಗ ಮಾತ್ರ ಸಮರ್ಥನೀಯ. ಮೇಯಿಸಿದ ಮತ್ತು ಮೇಯಿಸದ ಪಟ್ಟಿಗಳಲ್ಲಿ ಒಂದು ಚದರ ಮೀಟರಿನ ಹುಲ್ಲು ಕೊಯ್ದು, ಒಣಗಿಸಿ, ತೂಗಿ ಹೋಲಿಸುವುದಕ್ಕೆ ದೊಡ್ಡ ವೆಚ್ಚವಿಲ್ಲ. ಅರಣ್ಯ ಇಲಾಖೆ, ಪಶುಸಂಗೋಪನಾ ಇಲಾಖೆ ಮತ್ತು ಕುರಿಗಾರರ ಸಂಘಗಳು ಮೂರು ಋತುವಾದರೂ ಈ ತೂಕವನ್ನು ದಾಖಲಿಸಲಿ. ಮೇವಿನ ಪರವಾಗಲಿ ವಿರುದ್ಧವಾಗಲಿ ನಿಯಮ ಮಾಡುವುದು ಆ ದಾಖಲೆಯ ಆಧಾರದ ಮೇಲಿರಲಿ.