ಒಬ್ಬರ ವ್ಯಾಗನ್, ಇನ್ನೊಬ್ಬರ ಹಳಿ

ಅಮೆರಿಕದಲ್ಲಿ ರೈಲು ಮಾರ್ಗಗಳು ಅನೇಕ ಖಾಸಗಿ ಕಂಪನಿಗಳಿಗೆ ಸೇರಿವೆ. ಒಂದು ಕಂಪನಿಯ ಮಾರ್ಗದಲ್ಲಿ ಹೊರಟ ಸರಕು ಮತ್ತೊಂದರ ಮಾರ್ಗದಲ್ಲಿರುವ ಊರನ್ನು ತಲುಪಬೇಕೆಂದರೆ, ಎರಡೂ ಕೂಡುವ ಕಡೆ ವ್ಯಾಗನನ್ನು ಹಸ್ತಾಂತರಿಸಬೇಕು. ಸರಳವೆನಿಸುವ ಈ ಕೆಲಸ ಸುಗಮವಾಗಲು ನಾಲ್ಕು ವಿಷಯಗಳಲ್ಲಿ ಒಮ್ಮತ ಬೇಕಾಯಿತು. ಅದರ ಇತಿಹಾಸವನ್ನು ನೋಡೋಣ.

ಮೊದಲನೆಯದು ಗೇಜ್, ಅಂದರೆ ಹಳಿಗಳ ನಡುವಿನ ಅಂತರ. ಉತ್ತರದಲ್ಲಿ ಬಹುಮಟ್ಟಿಗೆ 1435 ಮಿಮೀ, ದಕ್ಷಿಣದಲ್ಲಿ 1524 ಮಿಮೀ. ಸಂಧಿಸ್ಥಾನಗಳಲ್ಲಿ ಸರಕನ್ನು ಇಳಿಸಿ ಮತ್ತೆ ತುಂಬಬೇಕಿತ್ತು. ಇಲ್ಲವೇ ವ್ಯಾಗನನ್ನೇ ಎತ್ತಿ ಚಕ್ರಗಳ ಚೌಕಟ್ಟನ್ನು ಬದಲಿಸಬೇಕಿತ್ತು. 1886ರ ಮೇ 31 ಮತ್ತು ಜೂನ್ 1ರಂದು ದಕ್ಷಿಣದ ಕಂಪನಿಗಳು ಸುಮಾರು 18,500 ಕಿಮೀ ಮಾರ್ಗದಲ್ಲಿ ಒಂದು ಹಳಿಯನ್ನು 76 ಮಿಮೀ ಒಳಕ್ಕೆ ಸರಿಸಿದವು. ಹೊಸ ಅಂತರ 1448 ಮಿಮೀ. ಉಳಿದ 13 ಮಿಮೀ ವ್ಯತ್ಯಾಸ ಅಡ್ಡಿಯಾಗಲಿಲ್ಲ. ಚಕ್ರದ ಅಂಚಿಗೂ ಹಳಿಗೂ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ.

ಎರಡನೆಯದು ಕೊಂಡಿ. ಹಿಂದೆ ಕೆಲಸಗಾರ ಎರಡು ವ್ಯಾಗನುಗಳ ನಡುವೆ ನಿಂತು, ಕಬ್ಬಿಣದ ಬಳೆಯನ್ನು ಕೈಯಿಂದ ಹೊಂದಿಸಿ, ಅದರೊಳಗೆ ಗೂಟ ಇಳಿಸಬೇಕಿತ್ತು. ಎಷ್ಟೋ ಜನ ಬೆರಳು ಕಳೆದುಕೊಂಡರು. ಜೀವ ತೆತ್ತವರೂ ಇದ್ದರು. 1873ರಲ್ಲಿ ಎಲೈ ಜ್ಯಾನಿ ತಾನಾಗಿಯೇ ಕೂಡಿಕೊಳ್ಳುವ ಕೊಂಡಿಗೆ ಪೇಟೆಂಟ್ ಪಡೆದ. ನಿಮ್ಮ ಎರಡೂ ಕೈಗಳ ಬೆರಳುಗಳನ್ನು ಬಾಗಿಸಿ ಒಂದಕ್ಕೊಂದು ಸಿಕ್ಕಿಸಿ. ಅದರ ತತ್ವ ತಿಳಿಯುತ್ತದೆ.

ಮೂರನೆಯದು ಬ್ರೇಕ್. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ರೂಪಿಸಿದ ಸ್ವಯಂಚಾಲಿತ ಬ್ರೇಕಿನಲ್ಲಿ ಪ್ರತಿ ವ್ಯಾಗನಿಗೂ ಒಂದು ಗಾಳಿ ತೊಟ್ಟಿ. ರೈಲಿನುದ್ದಕ್ಕೂ ಸಾಗುವ ಕೊಳವೆಯಲ್ಲಿ ಒತ್ತಡ ಇಳಿದರೆ, ತೊಟ್ಟಿಯ ಗಾಳಿ ಸಿಲಿಂಡರಿಗೆ ನುಗ್ಗಿ ಬ್ರೇಕ್ ಬಿಗಿಯುತ್ತದೆ. ಕೊಂಡಿ ಕಳಚಿ ರೈಲು ಎರಡಾದರೆ ಎರಡೂ ಭಾಗಗಳು ನಿಲ್ಲುತ್ತವೆ. ಆದರೆ ನಡುವೆ ಕೊಳವೆಯಿಲ್ಲದ ಒಂದೇ ಒಂದು ವ್ಯಾಗನ್ ಸೇರಿದರೂ ಅದರ ಹಿಂದಿನವುಗಳಿಗೆ ಈ ವ್ಯವಸ್ಥೆ ನಿಷ್ಪ್ರಯೋಜಕ.

ಇಲ್ಲೇ ತೊಡಕಿತ್ತು. ಒಂದು ಕಂಪನಿ ಮಾತ್ರ ಹಣ ಸುರಿದು ಸುಧಾರಿಸಿದರೆ ಪೂರ್ಣ ಫಲವಿಲ್ಲ, ಏಕೆಂದರೆ ಅದರ ರೈಲಿನಲ್ಲಿ ಇತರರ ಹಳೆಯ ವ್ಯಾಗನುಗಳೂ ಇರುತ್ತಿದ್ದವು. ಕೊನೆಗೆ 1893ರ ಮಾರ್ಚ್ 2ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸಹಿ ಹಾಕಿದ ಕಾನೂನು ಎಲ್ಲರಿಗೂ ಸ್ವಯಂಚಾಲಿತ ಕೊಂಡಿ ಮತ್ತು ಗಾಳಿ ಬ್ರೇಕುಗಳನ್ನು ಕಡ್ಡಾಯ ಮಾಡಿತು. ಗಡುವು ವಿಸ್ತರಣೆಗೊಂಡು, 1900ರಲ್ಲಿ ಅದು ಪೂರ್ಣವಾಗಿ ಜಾರಿಗೆ ಬಂತು.

ನಾಲ್ಕನೆಯದು ಬಾಡಿಗೆ. ಬೇರೆಯವರ ವ್ಯಾಗನ್ ಎಷ್ಟು ಮೈಲಿ ಓಡಿತೋ ಅಷ್ಟಕ್ಕೆ ಮಾತ್ರ ಹಣ ಕೊಡುತ್ತಿದ್ದಾಗ, ಅದನ್ನು ನಿಲ್ಲಿಸಿ ಉಗ್ರಾಣದಂತೆ ಬಳಸಿದರೆ ನಷ್ಟವಿರಲಿಲ್ಲ. 1902ರಲ್ಲಿ ದಿನಕ್ಕೆ 20 ಸೆಂಟ್ ಬಾಡಿಗೆ ಗೊತ್ತಾಯಿತು. ಆಗ ವ್ಯಾಗನನ್ನು ಸುಮ್ಮನೆ ಇಟ್ಟುಕೊಳ್ಳುವುದೂ ಖರ್ಚಿನ ಬಾಬತ್ತಾಯಿತು.

ನಮ್ಮಲ್ಲೂ ಮದರಾಸಿನ ಕಡೆಯ ಬ್ರಾಡ್‌ಗೇಜ್ ಮತ್ತು ಮೈಸೂರಿನ ಕಡೆಯ ಮೀಟರ್‌ಗೇಜ್ ಬೆಂಗಳೂರಿನಲ್ಲಿ ಸಂಧಿಸುತ್ತಿದ್ದವು. 20 ಟನ್ ಸರಕೆಂದರೆ 50 ಕೆಜಿಯ 400 ಮೂಟೆಗಳು. ಗೇಜ್ ಬದಲಾಗುವ ಕಡೆ ಅವು ಮನುಷ್ಯರ ಬೆನ್ನೇರಿ ದಾಟಬೇಕಿತ್ತು. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆ ಆ ಹೊರೆಯನ್ನು ಇಳಿಸಿತು. ಅಳತೆಯ ಏಕರೂಪತೆಯನ್ನು ಪಾಠ ಮಾಡುವಾಗ ಈ 400 ಮೂಟೆಗಳ ಲೆಕ್ಕವನ್ನು ನಿಮ್ಮ ವಿದ್ಯಾರ್ಥಿಗಳ ಮುಂದಿಡಿ.